ನಾಲಿಗೆಗೆ ಬಿಗಿದ ಕಬ್ಬಿಣ

ಸಂಜೆ ಪಾಳಿ ಮುಗಿಯುವ ಹೊತ್ತಿಗೆ ಮಳೆ ಹಿಡಿದುಕೊಂಡಿತು, ಕರೆಂಟೂ ಹೋಯಿತು. ಹೊಲಿಗೆ ಯಂತ್ರಗಳು ನಿಂತವು. ಮನೆಗೆ ಹೋಗಲಾಗದ ನಾವು ಐದಾರು ಹೆಂಗಸರು ಬಟ್ಟೆ ಕತ್ತರಿಸುವ ಮೇಜಿನ ಸುತ್ತ ಕೂತೆವು. ಗುಂಡಿ ಹಚ್ಚುವ ಅಜ್ಜಿಯ ಸೂಜಿ ಮಾತ್ರ ಕತ್ತಲಲ್ಲೂ ಆಡುತ್ತಲೇ ಇತ್ತು.

"ಅಜ್ಜಿ, ನಿಮ್ಮಳಿಯನಿಗೆ ಲಕ್ವಾ ಹೊಡೆದು ಮಾತು ನಿಂತೋಯ್ತಂತೆ, ಹೌದಾ?" ಎಂದು ಹೊಸದಾಗಿ ಸೇರಿದವಳು ಕೇಳಿದಳು.

ಅಜ್ಜಿ ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದರು.

"ಲಕ್ವಾನಾ? ಯಾವ ಡಾಕ್ಟ್ರು ಹೇಳಿದ್ದೇ? ಕರ್ಕೊಂಡ್ ಬಾ, ಅವನ ಕಿವಿಗೆ ಎರಡು ಗುಂಡಿ ಹಚ್ಚಿಬಿಡ್ತೀನಿ! ಕೇಳ್ರೇ ಇಲ್ಲಿ. ಅವತ್ತು ರಜಾ. ಹೂವಿನ ತೋಟಕ್ಕೆ ಹೋಗೋಣ ಅಂದ್ಲು ಮಗಳು. 'ನಿನ್ನ ಕೇಳಿದ್ನಾ?' ಅಂದ ಅಳಿಯ. ಅಲ್ಲಿಗೆ ಮುಗೀತು. ನಮ್ಮಿಬ್ಬರನ್ನ ಕರ್ಕೊಂಡು ಹೋಗಿದ್ದೆಲ್ಲಿಗೆ? ಹಿಂದಿನ ಕಾಲದ ಶಿಕ್ಷೆ ತೋರಿಸೋ ಮ್ಯೂಸಿಯಂಗೆ! ಬೆರಳು ಜಜ್ಜೋ ತಿರುಪು, ಮೊಳೆ ಹೊಡೆದ ಕುರ್ಚಿ, ಮನುಷ್ಯನ್ನ ಹಿಂಡಿ ಒಣಗಿ ಹಾಕೋ ಚಕ್ರ... ಯಮನೇ ಬಂದಿದ್ರೂ ಒಂದ್ಸಲ ಹೊರಗೆ ಹೋಗಿ ನೀರು ಕುಡ್ಕೊಂಡು ಬರ್ತಿದ್ದ.

ಕೊನೇ ಕೋಣೇಲಿ, ಗಾಜಿನ ಪೆಟ್ಟಿಗೇಲಿ, ಒಂದು ಕಬ್ಬಿಣದ ಮುಖವಾಡ. ಎತ್ತಿನ ಮೂತಿಗೆ ಕುಕ್ಕೆ ಹಾಕ್ತಾರಲ್ಲ, ಹಾಗೆ. ಒಳಗೆ ಮಾತ್ರ ನಾಲಿಗೆ ಅದುಮೋಕೆ ಒಂದು ಪಟ್ಟಿ, ಅದಕ್ಕೆ ಮುಳ್ಳು. ಮಗಳು ಬೋರ್ಡು ಓದಿ ಹೇಳಿದ್ಲು... ಗಂಡನಿಗೆ ಎದುರಾಡೋ ಹೆಂಗಸ್ರಿಗೆ ಇದನ್ನ ಬಿಗಿದು ಬೀದೀಲಿ ನಡೆಸ್ತಿದ್ರಂತೆ. ಒಬ್ಬಳು ಇದರೊಳಗೇ ಸತ್ತಳಂತೆ. ಬಿಗಿದೋನಿಗೆ ಏನಾಯ್ತು? ಬೋರ್ಡಲ್ಲಿ ಇರ್ಲಿಲ್ಲ. ಏನಾದ್ರೂ ಆಗಿದ್ರೆ ತಾನೇ ಬರೆಯೋದು!

ಪಕ್ಕದ ಮೇಜಿನ ಮೇಲೆ ಅದರದೇ ನಕಲು ಇಟ್ಟಿದ್ರು, ಹಾಕ್ಕೊಂಡು ಫೋಟೋ ತೆಗೆಸ್ಕೊಳ್ಳೋಕೆ. ತಮಾಷೆಗಂತೆ! ಅಳಿಯ ಅದನ್ನ ನನ್ನ ಮಗಳ ತಲೆಗೆ ಹಾಕಿ ಹಿಂದೆ ಬಿಗಿದ. 'ಅತ್ತೇ, ನಿಮ್ಮ ಸೈಜಿಂದೂ ಇದ್ಯಾ ಕೇಳ್ಲಾ?' ಅಂದ. ಅಲ್ಲಿದ್ದ ಗಂಡಸ್ರೆಲ್ಲ ಹೋ ಅಂತ ನಕ್ಕರು. ಆಗ ಪೆಟ್ಟಿಗೆ ಒಳಗಿನ ಆ ಖಾಲಿ ಮುಖವಾಡದ ಮುಂದೆ... ಯಾರೋ ಉಸಿರು ಬಿಟ್ಟ ಹಾಗೆ ಗಾಜು ಮಂಜಾಯ್ತು.

ನಕಲನ್ನ ತೆಗೆದ್ರೆ, ಮಗಳಿಗೆ ಮಾತಿಲ್ಲ! ಬಾಯಿ ತೆರೀತಾಳೆ, ಬರೀ ಗಾಳಿ. ಡಾಕ್ಟ್ರು ಟಾರ್ಚ್ ಬಿಟ್ಟು ಹೊಟ್ಟೆವರೆಗೂ ನೋಡಿದ್ರು, ಏನೂ ಇಲ್ಲ ಅಂದ್ರು. ಅಳಿಯ ಏನಂದ ಗೊತ್ತಾ? 'ಮನೆ ಎಷ್ಟು ತಣ್ಣಗಿದೆ ನೋಡಿ ಅತ್ತೆ.' ನನಗೆ ಹತ್ತಿದ ಬೆಂಕೀಲಿ ಊರಿಗೆಲ್ಲ ಅಡುಗೆ ಬೇಯಿಸಬಹುದಿತ್ತು ಕಣ್ರೇ!

ಒಬ್ಬಳೇ ಮ್ಯೂಸಿಯಂಗೆ ವಾಪಸ್ ಹೋದೆ. ಗಾಜು ಬಡಿದು, ಅದರೊಳಗೆ ಸತ್ತೋಳಿಗೇ ಬೈದೆ. 'ಏನೇ, ಬುದ್ಧಿ ಇದ್ಯಾ ನಿಂಗೆ? ನಾಲಿಗೆ ಬೇಕಿತ್ತು, ಸರಿ. ನಿನ್ನ ಹಾಗೇ ಬಿಗಿಸ್ಕೊಂಡೋಳದ್ದೇ ಕಿತ್ಕೊಂಡ್ಯಾ? ಬಿಗಿದ ಕೈ ಕಾಣ್ಲಿಲ್ವಾ? ಬಡವನ ಕೋಪ ದವಡೆಗೆ ಮೂಲ ಅಂತಾರೆ, ನಿನ್ನ ಕೋಪ ನನ್ನ ಮಗಳಿಗೆ ಮೂಲ ಆಯ್ತಲ್ಲೇ! ಅವಳದನ್ನ ಅವಳಿಗೆ ಕೊಡು. ಯಾರದ್ದು ತಗೋಬೇಕು ಅಂತ ನಾನು ತೋರಿಸ್ತೀನಿ, ಬಾ' ಅಂದೆ. ಆ ಕಬ್ಬಿಣದೊಳಗಿಂದ... ನನ್ನ ಮಗಳ ದನೀಲೇ... 'ತೋರ್ಸಮ್ಮ' ಅಂತು.

ಬಸ್ಸಲ್ಲಿ ಜನ ಇರುವೆ ಹಾಗೆ ತುಂಬಿದ್ರೂ ನನ್ನ ಪಕ್ಕದ ಸೀಟಲ್ಲಿ ಒಬ್ಬರೂ ಕೂರ್ಲಿಲ್ಲ.

ಮನೇಲಿ ಅಳಿಯ ಮಗಳ ಮೇಲೆ ಕೂಗಾಡ್ತಿದ್ದ, ಕೇಳಿದ್ದಕ್ಕೆ ಉತ್ತರ ಕೊಡಲ್ಲ ಅಂತ! ನಾನು ಹೊಸಿಲು ದಾಟಿದೆ. 'ಬಾಯಿ...' ಅಂದ. ಅಷ್ಟೇ. ಹಲ್ಲು ಕಚ್ಕೊಂಡವು. ಮಗಳು ಅವನ ಎದುರೇ ನಿಂತು, 'ಈಗ ನಾನು ಹೇಳೋದು ಕೇಳಿ' ಅಂದ್ಲು. ಮದುವೆ ಆದ್ಮೇಲೆ ಮೊದಲ್ನೇ ಸಲ ಪೂರ್ತಿ ಕೇಳಿದ, ಪುಣ್ಯಾತ್ಮ.

ಈಗಲೂ ಮಧ್ಯಾಹ್ನ ಅವನು ಮಲಗಿದಾಗ ಆ ಬಾಯಿ ತೆರ್ಕೊಳ್ಳುತ್ತೆ. ಮಾತಾಡೋನು ಅವನಲ್ಲ... ಆ ಮುಖವಾಡದೋಳು. ಬಿಗಿದೋರ ಹೆಸರು, ನಿಂತು ನೋಡಿದೋರ ಹೆಸರು, ನಕ್ಕೋರ ಹೆಸರು, ಒಬ್ಬೊಬ್ಬರದೇ ಹೇಳ್ತಾಳೆ; ರಜಾ ಇದ್ದಾಗ ನಾನು ಪಕ್ಕದಲ್ಲೇ ಕೂತು ಕೇಳ್ತೀನಿ. ಇಷ್ಟು ದಿನ ಎಲ್ಲಾ ಯಾವತ್ತೋ ಸತ್ತೋರದು. ಅದು ಮುಗೀತು ಕಣ್ರೇ... ನಿನ್ನೆಯಿಂದ ಬದುಕಿರೋರದು ಶುರು ಮಾಡಿದ್ದಾಳೆ.

ಮಳೆ ಬಿಟ್ಟಿದೆ, ಹೊರಡಿ. ಮನೇಲಿ ಗಂಡಸ್ರು ಯಾರಾದ್ರೂ ಇದ್ದಕ್ಕಿದ್ದ ಹಾಗೆ ಮಾತು ನಿಲ್ಲಿಸಿದ್ರೆ ಅಳೋಕೆ ಕೂರ್ಬೇಡಿ. ಹತ್ರ ಹೋಗಿ ಕಿವಿ ಇಟ್ಟು ಕೇಳಿ... ಅವಳಿಗೆ ಇನ್ನೂ ಬೇಕಾದಷ್ಟು ಹೇಳೋದಿದೆ."