ಕಂಚಿನ ಖಡ್ಗಮೃಗದ ಹೊಟ್ಟೆ

ಮಳೆ ಸುರಿಯತೊಡಗಿದಾಗ ಚೌಕದಲ್ಲಿದ್ದವರೆಲ್ಲ ಕಂಚಿನ ಖಡ್ಗಮೃಗದ ಹೊಟ್ಟೆಯಡಿಗೆ ಓಡಿದರು. ಮೂರಂತಸ್ತಿನ ಎತ್ತರದ ಪ್ರಾಣಿ. ಅದನ್ನು ನೋಡಲೆಂದೇ ಬಂದವರು, ಫೋಟೊ ತೆಗೆಸಿಕೊಳ್ಳುತ್ತಿದ್ದವರು, ಕೈಚೀಲ ಹಿಡಿದು ಮನೆಗೆ ಹೊರಟವರು, ಎಲ್ಲರಿಗೂ ಅಲ್ಲಿ ಜಾಗವಿತ್ತು.

ದರ್ಜಿ ಹೆಂಗಸು ಮಾತ್ರ ಮಳೆಗೆ ಮುಂಚೆಯೇ ಬಂದಿದ್ದಳು, ಊಟದ ಡಬ್ಬಿ ಹಿಡಿದು. ಅವಳ ಗಂಡ ಫಿಟ್ಟರ್. ಪ್ರಾಣಿಯ ಹೊಟ್ಟೆಯ ಮುಚ್ಚಳ ಬಿಚ್ಚಿ, ಏಣಿ ಹತ್ತಿ ಒಳಗೆ ಹೋಗಿ, ನೀರು ಸೋರುವ ಬೆಸುಗೆಯನ್ನು ಸರಿಮಾಡುತ್ತಿದ್ದ. ಬೆಳಿಗ್ಗೆ ಜಗಳವಾಡಿ ಡಬ್ಬಿ ಬಿಟ್ಟು ಬಂದಿದ್ದ. ಮದುವೆಯಾದಾಗಿನಿಂದ ಒಮ್ಮೆಯೂ ತಪ್ಪಾಯಿತು ಎಂದವನಲ್ಲ. ಇವತ್ತೂ ಅವಳೇ ಸೋತು ಬಂದಿದ್ದಳು.

ಏಣಿಯ ಬುಡದಲ್ಲಿದ್ದ ಅವನ ಜೊತೆಗಾರ ಸುತ್ತಿಗೆಯಿಂದ ಕಂಚಿನ ಕಾಲಿಗೆ ಎರಡು ಸಲ ಬಡಿದ. ಒಳಗಿಂದ ಮೂರು ಸಲ ಬಡಿದ ಸದ್ದು ಬಂತು.

"ಇನ್ನೂ ಹಾಗೇ ಬಡೀತೀರೇನಪ್ಪಾ?" ಎಂದಳು ಪೀಠದ ಅಂಚಿನಲ್ಲಿ ಕುಳಿತಿದ್ದ ಮುದುಕಿ.

"ಒಳಗಿರೋರು ಬದುಕಿದ್ದಾರೆ ಅಂತ ಗೊತ್ತಾಗ್ಬೇಕಲ್ಲಜ್ಜೀ."

"ಬದುಕಿರೋರೇ ಬಡೀತಾರೆ ಅಂತ ಯಾರು ಹೇಳಿದ್ರು?"

ಸುತ್ತಲಿದ್ದವರು ನಕ್ಕು ಹತ್ತಿರ ಸರಿದರು.

"ನಗಿ, ನಗಿ... ಮಳೆ ನಿಲ್ಲೋವರೆಗೂ ಎಲ್ಲಿಗೆ ಹೋಗ್ತೀರ? ಕೇಳಿ. ಈ ಪ್ರಾಣೀನ ನಿಲ್ಲಿಸಿದ ಹೊಸದರಲ್ಲಿ, ಇಂಥದ್ದೇ ಮಳೇಲಿ, ಒಬ್ಬ ಫಿಟ್ಟರು ಒಳಗೆ ಹೋದ, ಕತ್ತಲಲ್ಲಿ ಕಬ್ಬಿಣದ ಪಕ್ಕೆಲುಬು ಹಿಡ್ಕೊಂಡು ತೆವಳ್ತಾ ತೆವಳ್ತಾ ಕುತ್ತಿಗೆವರೆಗೂ ಹೋದ, ಕೆಲಸ ಮುಗಿಸಿ ಇಳಿದೂ ಬಂದ... ಬಂದ್ನಾ? ಬಂದ, ಎಲ್ಲರೂ ನೋಡಿದ್ರು. ಮುಚ್ಚಳ ಹಾಕೋ ಮುಂಚೆ ಕೊನೇ ಸಲ ಬಡೀಬೇಕು, ಒಳಗಿಂದ ಉತ್ತರ ಬರಬಾರದು, ಅದು ಇವರ ಪದ್ಧತಿ. ಬಡಿದ್ರು. ಒಳಗಿಂದ... ಟಕ್, ಟಕ್, ಟಕ್. ಏನ್ಮಾಡ್ತೀರ? ಒಳಗೆ ಹೋದವನು ಒಬ್ಬನೇ, ಅವನು ಕಣ್ಣೆದುರಿಗೇ ಕೈ ಒರೆಸ್ಕೊಳ್ತಾ ನಿಂತಿದ್ದಾನೆ. ಆಳನ್ನ ನಂಬಿದ್ರು, ಸದ್ದನ್ನ ನಂಬಲಿಲ್ಲ. ಮುಚ್ಚಳ ಬಿಗಿದ್ರು."

ಈಗ ಯಾರೂ ನಗುತ್ತಿರಲಿಲ್ಲ.

"ಮನೆಗೆ ಬಂದವನದು ಅದೇ ಮುಖ, ಹುಬ್ಬಿನ ಮೇಲೆ ಅದೇ ಗಾಯದ ಕಲೆ. ಆದ್ರೆ ಒಳ್ಳೆಯವನಾಗಿಬಿಟ್ಟಿದ್ದ ಕಣ್ರಪ್ಪಾ... ಉಪ್ಪು ಕಮ್ಮಿ ಅಂತ ತಟ್ಟೆ ತಳ್ಳೋನು, ಈಗ ಹಾಕಿದ್ದು ಉಂಡು, ತಟ್ಟೆ ತೊಳೆದಿಡ್ತಾನೆ. ಬೈದ್ರೆ ನಗ್ತಾನೆ. ಪುಣ್ಯ ಮಾಡಿದ್ದೆ ಬಿಡೇ ಅಂದ್ರು ಪಕ್ಕದ್ಮನೆಯೋರು, ಅವನ ಹೆಂಡ್ತಿಗೆ. ಅವಳು ಯಾರ ಹತ್ರ ಹೇಳ್ಕೋತಾಳೆ? ಗಂಡ ಒಳ್ಳೆಯವನಾದ ಅಂತ ಯಾರಾದ್ರೂ ದೂರು ಕೊಡ್ತಾರಾ? ದೀಪ ಆರಿಸಿದ್ರೆ... ಮಗ್ಗುಲಲ್ಲಿ ಉಸಿರಾಟದ ಸದ್ದೇ ಇಲ್ಲ. 'ನಿದ್ದೆ ಬಂತಾ?' ಅಂತ ಇವಳು ಕೇಳಿದ ಮೇಲೆ ಶುರುವಾಗ್ತಿತ್ತು."

ಅಷ್ಟರಲ್ಲಿ ಫಿಟ್ಟರ್ ಏಣಿ ಇಳಿದು ಬಂದ. ಹೆಂಡತಿ ಡಬ್ಬಿ ಚಾಚಿ, ಅವನ ಸಿಡುಕಿಗೆ ತಯಾರಾಗಿ ನಿಂತಳು. ಅವನು ಅವಳ ಮುಖವನ್ನೇ ನೋಡಿದ.

"ಬೆಳಿಗ್ಗೆ ತಪ್ಪು ನಂದೇ ಕಣೆ. ಎಷ್ಟು ಹೊತ್ತಿಂದ ಕಾಯ್ತಿದ್ದೀಯ?"

ಇಷ್ಟು ವರ್ಷ ಅವಳು ಕಾದಿದ್ದು ಈ ಒಂದು ಮಾತಿಗೆ. ಈಗ ಅದನ್ನು ಕೇಳಿ, ಚಾಚಿದ್ದ ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡಳು.

ಜೊತೆಗಾರ ಆಗಲೇ ಏಣಿ ಹತ್ತಿ ಮುಚ್ಚಳ ಹಾಕಲು ಹೊರಟಿದ್ದ.

"ಅಣ್ಣಾ, ಕೊನೇ ಸಲ ಬಡಿದ್ರಾ?" ಎಂದು ಅವಳು ಕೇಳಿದಳು.

"ಯಜಮಾನ್ರು ಪಕ್ಕದಲ್ಲೇ ನಿಂತಿರುವಾಗ ಇನ್ನೇನಕ್ಕಾ ಬಡಿಯೋದು? ಅಜ್ಜಿ ಕತೆ ಚೆನ್ನಾಗೇ ತಲೆಗೆ ಹತ್ತಿದೆ ನಿಮಗೆ!"

ಅವಳು ಕೆಳಗೆ ಬಿದ್ದಿದ್ದ ಸುತ್ತಿಗೆ ತೆಗೆದುಕೊಂಡು ತಾನೇ ಕಂಚಿನ ಕಾಲಿಗೆ ಎರಡು ಸಲ ಬಡಿದಳು. ಪ್ರಾಣಿಯ ಬೆನ್ನಿನ ಮೇಲೆ ಮಳೆ ಹುಯ್ಯುತ್ತಲೇ ಇತ್ತು. ಅದರ ನಡುವೆ, ಎಲ್ಲೋ ಕುತ್ತಿಗೆಯ ಕಡೆಯಿಂದ, ಮೂರು ಸಲ.

ಮುಚ್ಚಳ ಹಿಡಿದ ಕೈ ಹಾಗೇ ನಿಂತಿತು.

"ಮುಚ್ಚಬೇಡಿ," ಎಂದಳು.

ಗಂಡ ಸಿಡುಕಲಿಲ್ಲ. ಅವಳ ಕೈಯಿಂದ ಮೆಲ್ಲಗೆ ಸುತ್ತಿಗೆ ಬಿಡಿಸಿಕೊಂಡ. "ಮಳೆ ಕಣೆ ಅದು. ಬಾ, ಮನೆಗೆ ಹೋಗೋಣ."

ಮುದುಕಿ ಮೊಣಕಾಲು ಹಿಡಿದುಕೊಂಡು ಎದ್ದಳು.

"ನಮ್ಮನೆಯವರೂ ಆವತ್ತು ಇಲ್ಲೇ ನಿಂತು ಹಾಗೇ ಅಂದ್ರು ಮಗಳೇ... ಇವತ್ತಿಗೂ, ಮಳೆ ಬಂದಾಗೆಲ್ಲ, ಹಾಗೇ ಅಂತಾರೆ."