ಓಡುವ ಮಾಲು, ಕೂತ ಮಾಲು

ಆಸೆಯ ಬಗ್ಗೆ ಇಷ್ಟು ಹೊತ್ತು ಪ್ರವಚನ ಹೇಳಿದೆ. ನೀವೂ ತಲೆದೂಗಿದಿರಿ. ತಲೆದೂಗುವುದು ಸುಲಭ ನೋಡಿ, ಅದಕ್ಕೆ ಖರ್ಚಿಲ್ಲ. ಈಗ ಒಂದು ದೃಷ್ಟಾಂತ ಹೇಳುತ್ತೇನೆ. ಮೂರನೇ ಸಾಲಿನ ಯಜಮಾನರೇ, ಆ ಫೋನು ಒಳಗಿಡಿ. ಬಂದಾಗಿನಿಂದ ಷೇರುಪೇಟೆ ಎಷ್ಟು ಏರಿತು, ಎಷ್ಟು ಇಳಿಯಿತು ಅಂತ ನೋಡುತ್ತಾ ಕೂತಿದ್ದೀರಿ. ನೀವು ನೋಡಿದರೆ ಅದು ಏರುತ್ತದೆಯೇ? ನೋಡದಿದ್ದರೆ ಇಳಿಯುತ್ತದೆಯೇ? ಒಳಗಿಡಿ. ಈ ಕಥೆ ನಿಮಗೇ ಹೇಳುತ್ತಿರುವುದು.

ಒಂದು ಊರು. ನಮ್ಮ ಊರಿನಂಥದ್ದೇ ಅಂದುಕೊಳ್ಳಿ. ಅಲ್ಲೊಬ್ಬ ಬಟ್ಟೆ ಸಾಹುಕಾರ. ಎಂಥ ಶ್ರೀಮಂತ? ಮದುವೆಯ ಜವಳಿ ಅಂದರೆ ಸುತ್ತ ನಲವತ್ತು ಹಳ್ಳಿಯವರು ಅವನ ಅಂಗಡಿಯ ಮೆಟ್ಟಿಲನ್ನೇ ಹತ್ತಬೇಕು, ಅಂಥ ಶ್ರೀಮಂತ. ಕುಡಿತವಿಲ್ಲ, ಇಸ್ಪೀಟಿಲ್ಲ, ಬಾಯಲ್ಲಿ ಕೆಟ್ಟ ಮಾತಿಲ್ಲ. ಅವನಪ್ಪ ಸಾಯುವಾಗ ಒಂದೇ ಮಾತು ಹೇಳಿ ಹೋಗಿದ್ದ. ‘ಓಡೋ ಮಾಲು ತರಸು, ಕೂತ ಮಾಲು ಕಳಿ.’ ಮಗ ಅದನ್ನು ಗಂಟು ಹಾಕಿಕೊಂಡ. ವರ್ಷಾವರ್ಷ ದೀಪಾವಳಿಗೆ ಮುಂಚೆ ಕಪಾಟುಗಳ ಮುಂದೆ ನಿಲ್ಲುತ್ತಿದ್ದ. ಯಾವ ಸೀರೆ ವರ್ಷವಿಡೀ ಮಾರಾಟವಾಗದೆ ಕೂತಿದೆಯೋ ಅದನ್ನು ಅರ್ಧ ಬೆಲೆಗೆ ಹೊರಗೆ ಹಾಕುತ್ತಿದ್ದ. ಯಾವುದು ಓಡಿದೆಯೋ ಅದನ್ನು ಗಂಟುಗಟ್ಟಲೆ ತರಿಸುತ್ತಿದ್ದ. ತಪ್ಪೇ? ಅಲ್ಲ. ಅಂಗಡಿಗೆ ಅದೇ ಸರಿ. ಇಲ್ಲಿ ಕೂತ ವರ್ತಕರೆಲ್ಲ ಹಾಗೇ ಮಾಡುತ್ತೀರಿ, ಮಾಡಲೇಬೇಕು.

ಆ ಸಾಹುಕಾರನಿಗೆ ಒಬ್ಬಳೇ ಮಗಳು. ದೃಷ್ಟಾಂತದಲ್ಲಿ ಯಾರಿಗೂ ಹೆಸರು ಬೇಡ ಅಂತ ನಮ್ಮ ಪದ್ಧತಿ. ಆದರೆ ಈ ಮಗಳಿಗೆ ಹೆಸರು ಬೇಕು. ದಾನಮ್ಮ ಅನ್ನೋಣ. ದಾನಮ್ಮನ ದೇಹಕ್ಕೆ ಇಪ್ಪತ್ತೆರಡು ವರ್ಷ, ಬುದ್ಧಿಗೆ ಐದು. ಐದರ ನೋಟು ಯಾವುದು, ಐನೂರರ ನೋಟು ಯಾವುದು ಗೊತ್ತಿಲ್ಲ. ಒಲೆಯ ಹತ್ತಿರ ಬಿಡುವಂತಿಲ್ಲ, ಒಬ್ಬಳೇ ರಸ್ತೆ ದಾಟುವಂತಿಲ್ಲ. ಆದರೆ ಬಟ್ಟೆ ಮಡಚಲಿ, ಇಡೀ ಪೇಟೆಯಲ್ಲಿ ಅವಳ ಸಮ ಇಲ್ಲ. ಗಿರಾಕಿಗಳು ಬಿಚ್ಚಿ ಬಿಸಾಡಿ ಹೋದ ಸೀರೆಗಳನ್ನು ಗಾದಿಯ ಪಕ್ಕ ಕೂತು ಅಂಚಿಗೆ ಅಂಚು ಕೂಡಿಸಿ ಮಡಚುತ್ತಿದ್ದಳು. ಒಂದೊಂದು ಮಡಚಿದಾಗಲೂ ಅಪ್ಪನ ಮುಖ ನೋಡಿ ನಗುತ್ತಿದ್ದಳು.

ತಂದೆತಾಯಿಗೆ ಒಂದೇ ಭಯ. ನಾವು ಹೋದ ಮೇಲೆ ಇವಳ ಗತಿ ಏನು? ತಾಯಂದಿರೇ, ಈ ಭಯ ಎಂಥದ್ದು ಅಂತ ಇಲ್ಲಿ ಕೆಲವರಿಗೆ ನಾನು ಹೇಳಬೇಕಾಗಿಲ್ಲ.

ಬೇರೊಂದು ಊರಲ್ಲಿ ಇಂಥ ಮಕ್ಕಳಿಗಾಗಿಯೇ ಒಂದು ನಿವಾಸ ಇತ್ತು. ಗಂಡ ಹೆಂಡತಿ ಮಗಳನ್ನು ಕರೆದುಕೊಂಡು ನೋಡಲು ಹೋದರು. ಅಲ್ಲೊಂದು ಹೊಲಿಗೆ ವಿಭಾಗ. ಹೊಲಿದ ಅಂಗಿಗಳ ರಾಶಿ ಬಿದ್ದಿತ್ತು. ದಾನಮ್ಮ ಯಾರನ್ನೂ ಕೇಳದೆ ರಾಶಿಯ ಮುಂದೆ ಕೂತಳು. ಊಟದ ಹೊತ್ತಿಗೆ ರಾಶಿ ಮುಗಿದಿತ್ತು. ಅಲ್ಲಿಯ ಮುಖ್ಯಸ್ಥೆ ನಕ್ಕು, “ಈಕೀನ ನಾವು ಬಿಡೂದಿಲ್ರಿ” ಅಂದಳು. ಕೊನೆಯವರೆಗೂ ನೋಡಿಕೊಳ್ಳಲು, ಸೇರಿಸುವ ದಿನವೇ ಒಂದು ಠೇವಣಿ ಇಡಬೇಕಿತ್ತು. ಈಗ ಇಪ್ಪತ್ತೈದು ಲಕ್ಷ, ಹದಿನೈದು ವರ್ಷ ಬಿಟ್ಟು ಬಂದರೆ ಅದರ ಮೂರು ಪಟ್ಟಾದರೂ ಆಗಬಹುದು ಅಂತಲೂ ತಿಳಿಸಿದಳು. ಈಗಲೇ ಬಿಟ್ಟು ಬರಲು ತಾಯಿಯ ಕರುಳು ಒಪ್ಪೀತೇ? ಬಸ್ಸಿನಲ್ಲಿ ಹೆಂಡತಿ ಅಂದಳು: “ನಮ್ಮ ಕೈಲಾಗೂತನಕ ನಮ್ಮ ಹತ್ರ ಇರ್ಲಿ. ಆಮ್ಯಾಲೆ ಅಕಿ ಅಲ್ಲೇ ಇರ್ಬೇಕ್ರಿ. ನನಗ ಬ್ಯಾರೆ ಏನೂ ಬ್ಯಾಡ.”

ಸಾಹುಕಾರ ಒಂದು ಸೈಟು ಮಾರಿದ. ಮೂವತ್ತು ಲಕ್ಷ ಬಂತು. ಆ ಹಣ ಅಂಗಡಿಗಲ್ಲ, ಬಂಗಾರಕ್ಕಲ್ಲ. ದಾನಮ್ಮನಿಗೆ. ಇದನ್ನು ನೆನಪಿಡಿ.

ಅಂಗಡಿಯ ಹಿಂದಿನ ಓಣಿಯಲ್ಲಿ ಬ್ಯಾಂಕಿನಿಂದ ನಿವೃತ್ತಳಾದ ಒಬ್ಬ ಹೆಣ್ಣುಮಗಳಿದ್ದಳು. ನೇರ ಮಾತಿನವಳು. ಅವಳನ್ನು ಕೇಳಿದ. ಅವಳು ಏನಂದಳು ಗೊತ್ತೇ?

“ಸಾಹುಕಾರ್ರ, ಈ ಪ್ಯಾಟಿಯೊಳಗ ಇಪ್ಪತ್ತು ವರ್ಷದ ಮ್ಯಾಲೆ ಯಾವ ಅಂಗಡಿ ಉಳೀತದ, ಯಾವುದು ಮುಚ್ಚತದ ಅಂತ ನಿಮಗ ಗೊತ್ತದ ಏನ್ರಿ? ನನಗೂ ಗೊತ್ತಿಲ್ಲ. ಅದಕ್ಕ ಒಂದು ಅಂಗಡಿ ಆರಿಸಬ್ಯಾಡ್ರಿ. ಇಡೀ ಪ್ಯಾಟಿಯೊಳಗ ಸ್ವಲ್ಪ ಸ್ವಲ್ಪ ಪಾಲು ತಗೋರಿ. ಇಂಡೆಕ್ಸ್ ಫಂಡ್ ಅಂದ್ರ ಇಷ್ಟ. ದೇಶದ ದೊಡ್ಡ ದೊಡ್ಡ ಕಂಪನಿ ಎಲ್ಲಾದರಾಗೂ ಒಂದು ಚೂರು. ಆರಿಸುವಾಗ ಎರಡೇ ನೋಡ್ರಿ. ವರ್ಷಕ್ಕ ಖರ್ಚು ಅಂತ ಎಷ್ಟು ಹಿಡೀತಾರ, ಮತ್ತ ಪ್ಯಾಟಿ ಏರಿದಷ್ಟು ಇದೂ ಏರೇದೋ ಇಲ್ಲೋ. ಎರಡು ಮೂರು ವರ್ಷದಾಗ ಬೇಕಾಗೂ ರೊಕ್ಕ ಮಾತ್ರ ಅದಕ್ಕ ಹಾಕಬ್ಯಾಡ್ರಿ, ಅದು ಬ್ಯಾಂಕಿನ್ಯಾಗ ಇರ್ಲಿ.”

“ಆಮ್ಯಾಲೆ?”

“ಆಮ್ಯಾಲೆ ಏನೂ ಇಲ್ರಿ. ಹಂಗ ಕುಂದ್ರಾಕ ಬಿಡ್ರಿ. ಪ್ಯಾಟಿ ಬಿದ್ದಾಗೂ ಕುಂದ್ರಾಕ ಬಿಡ್ರಿ. ಅದ ನಿಮಗ ಕಷ್ಟ ಆಗೂದು.”

ಸಾಹುಕಾರ ನಕ್ಕ. “ರೊಕ್ಕ ಕುಂದ್ರಿಸಿ ಯಾರರೇ ಉದ್ಧಾರ ಆಗ್ಯಾರೇನ್ರಿ?” ಅಂದ. ಆದರೂ ಅವಳು ಹೇಳಿದ್ದನ್ನೇ ಆರಿಸಿದ.

ಆ ಊರಲ್ಲೂ ಒಂದು ಮಠ. ಬಲಿಪಾಡ್ಯಮಿಯ ದಿನ ವರ್ತಕರೆಲ್ಲ ಹೊಸ ಖಾತೆ ಪುಸ್ತಕ, ಹೊಸ ಕಾಗದಪತ್ರ ತಂದು ಗದ್ದುಗೆಯ ಮುಂದೆ ಇಡುತ್ತಾರೆ. ಅಲ್ಲಿಯ ಸ್ವಾಮಿ ಅದಕ್ಕೆ ವಿಭೂತಿ ಹಚ್ಚಿ ಕೊಡುತ್ತಾನೆ. ಸಾಹುಕಾರ ಫಂಡಿನ ಕಾಗದ ತಂದ. ಸ್ವಾಮಿ ವಿಭೂತಿ ಹಚ್ಚಿದ. “ದಾನಮ್ಮನ ರೊಕ್ಕರಿ, ಅಜ್ಜಾರ” ಅಂದ ಸಾಹುಕಾರ. ಸ್ವಾಮಿ ಅವನ ತಲೆಯ ಮೇಲೆ ಕೈ ಇಟ್ಟ.

ವರ್ಷ ಕಳೆಯಿತು. ದೀಪಾವಳಿ ಬಂತು. ಸಾಹುಕಾರ ಕಪಾಟು ನೋಡಿದ, ಆ ಅಭ್ಯಾಸದಲ್ಲೇ ಫಂಡಿನ ಕಾಗದವನ್ನೂ ನೋಡಿದ. ನೂರಕ್ಕೆ ಹನ್ನೊಂದು ಬೆಳೆದಿತ್ತು. ಪಕ್ಕದ ಪಾತ್ರೆ ಅಂಗಡಿಯವನದು ಔಷಧ ಕಂಪನಿಗಳಲ್ಲೇ ಹಣ ಹಾಕುವ ಒಂದು ಫಂಡು, ನೂರಕ್ಕೆ ಮೂವತ್ತು ಬೆಳೆದಿತ್ತು. ಹನ್ನೊಂದೆಲ್ಲಿ, ಮೂವತ್ತೆಲ್ಲಿ! “ಇದು ಕೂತ ಮಾಲು” ಅಂದ. ಕಳೆದ. ಓಡುವ ಮಾಲು ತರಿಸಿದ. ದೂರದ ಬೆಟ್ಟ ನುಣ್ಣಗೆ ಅಂತ ನೀವೇ ಮಕ್ಕಳಿಗೆ ಹೇಳುತ್ತೀರಿ. ಮರುವರ್ಷ ಆ ಔಷಧದ ಫಂಡೇ ಮಲಗಿತು, ಬ್ಯಾಂಕುಗಳದು ಓಡಿತು. ಮತ್ತೆ ಕಳೆದ, ಮತ್ತೆ ತರಿಸಿದ. ಇನ್ನೊಂದು ವರ್ಷ ಹೊಸದೊಂದು ಫಂಡು ಬಂತು, ಯುನಿಟ್ಟಿಗೆ, ಅಂದರೆ ಒಂದು ಪಾಲಿಗೆ, ಹತ್ತೇ ರೂಪಾಯಿ. ತನ್ನ ಕೈಲಿದ್ದದ್ದು ಪಾಲಿಗೆ ನೂರಾನಲವತ್ತು. “ಹತ್ತು ರೂಪಾಯಿಗೆ ಮೀಟರು!” ಅಂತ ಬಟ್ಟೆಯವನ ಬುದ್ಧಿ ಹಿಗ್ಗಿತು, ಅದಕ್ಕೂ ಬದಲಿಸಿದ. ಹತ್ತರ ಹತ್ತು ನೋಟು ಕೊಟ್ಟರೂ ನೂರೇ, ನೂರರ ಒಂದು ನೋಟು ಕೊಟ್ಟರೂ ನೂರೇ ಅಂತ ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದದ್ದು ಆಗ ನೆನಪಿಗೆ ಬರಲಿಲ್ಲ. ನಮ್ಮೆಲ್ಲರ ಕಥೆಯೂ ಅದೇ ತಾನೇ?

ಪ್ರತಿ ಸಲ ಬದಲಿಸಿದಾಗಲೂ ತೆರಿಗೆ ಹೋಯಿತು, ಬದಲಿಸಿಕೊಟ್ಟವನ ಕಮಿಷನ್ ಹೋಯಿತು. ಬ್ಯಾಂಕಿನ ಹೆಣ್ಣುಮಗಳು ಒಮ್ಮೆ ತಡೆದು ಹೇಳಿದಳು: “ಮಗ್ಗದ ಮ್ಯಾಲಿನ ಸೀರಿ ಅರ್ಧಕ್ಕ ಹರದು ವರ್ಷಾ ವರ್ಷಾ ಬ್ಯಾರೆ ಹೂಡಿದ್ರ, ಸೀರಿ ಯಾವಾಗ ಆಗ್ತದ್ರಿ ಸಾಹುಕಾರ್ರ?” ಅವನು ಮುಖ ತಿರುಗಿಸಿ ಹೋದ. ಆಮೇಲೆ ಆ ಓಣಿಯಲ್ಲಿ ಹಾಯುವುದನ್ನೇ ಬಿಟ್ಟ.

ಒಂದು ವರ್ಷ ಪೇಟೆ ಬಿತ್ತು. ತಿಂಗಳೊಪ್ಪತ್ತಿನಲ್ಲಿ ನೂರು ಇದ್ದದ್ದು ಅರವತ್ತಾಯಿತು. ಅಂದು ಅವನು ಊಟ ಮಾಡಲಿಲ್ಲ. ಮಗಳ ಹಣ ಕರಗುತ್ತಿದೆ, ಕೈಕಟ್ಟಿ ಕೂರುವುದು ಹೇಗೆ? ಎಲ್ಲ ಮಾರಿದ. ತಣ್ಣಗಾದ ಮೇಲೆ ಹಾಕುತ್ತೇನೆ ಅಂದ. ಪೇಟೆ ಅವನನ್ನು ಕೇಳಿ ತಣ್ಣಗಾಗುತ್ತದೆಯೇ? ದೀಪಾವಳಿಯ ಹೊತ್ತಿಗೆ ಬಿದ್ದದ್ದೆಲ್ಲ ಎದ್ದು ಮೊದಲಿಗಿಂತ ಮೇಲೆ ನಿಂತಿತ್ತು. ಆಗ ಹಾಕಿದ. ಅಗ್ಗಕ್ಕೆ ಮಾರಿ ದುಬಾರಿಗೆ ಕೊಂಡ. ನಿಮ್ಮ ಅಂಗಡಿಯ ಆಳು ಹೀಗೆ ಮಾಡಿದರೆ ಮರುದಿನ ಅವನನ್ನು ಇಟ್ಟುಕೊಳ್ಳುತ್ತೀರಾ?

ಅವನು ಆಸೆಬುರುಕ ಅಂತ ನಿಮ್ಮ ಮನಸ್ಸಿನಲ್ಲಿ ಬಂದಿರಬೇಕು. ಅಲ್ಲ. ಆಸೆಬುರುಕನಾಗಿದ್ದರೆ ನನಗೆ ಈ ಕಥೆ ಹೇಳುವುದು ಸುಲಭವಿತ್ತು. ಅವನು ಮಗಳ ಮೇಲಿನ ಪ್ರೀತಿಗೆ ಮಾಡಿದ. ಪ್ರೀತಿ ಇದ್ದವನು ಏನಾದರೂ ಮಾಡುತ್ತಿರಬೇಕು ಅಂತ ಅವನ ನಂಬಿಕೆ. ಸುಮ್ಮನಿರುವುದೂ ಪ್ರೀತಿಯ ಕೆಲಸ ಅಂತ ಅವನಿಗೆ ಯಾರೂ ಕಲಿಸಿರಲಿಲ್ಲ.

ಹನ್ನೆರಡನೇ ವರ್ಷ ಹೆಂಡತಿ ತೀರಿಕೊಂಡಳು. ಅವಳ ಚಿಕಿತ್ಸೆಗೆ ಮನೆ ಹೋಯಿತು. ಅಂಗಡಿ ಪಾಲಾಗಿ ಅಣ್ಣನ ಮಕ್ಕಳಿಗೆ ಸೇರಿತು. ಉಳಿದದ್ದು ದಾನಮ್ಮನ ಹಣ ಒಂದೇ. ಮರುವರ್ಷ ಅವನಿಗೇ ಎದೆನೋವು ಶುರುವಾಯಿತು. ಹದಿನಾಲ್ಕನೇ ದೀಪಾವಳಿಗೆ ಎಂಟು ದಿನ ಇರುವಾಗ ಕಾಗದಗಳ ಗಂಟು ಹಿಡಿದು, ಬಿಟ್ಟಿದ್ದ ಓಣಿಗೆ ಹೋದ. ಬ್ಯಾಂಕಿನ ಹೆಣ್ಣುಮಗಳ ಮುಂದೆ ಹರವಿದ. ಅವಳು ಕೂಡಿಸಿದಳು. ಮೂವತ್ತು ಲಕ್ಷ ಇದ್ದದ್ದು ಮೂವತ್ತೆಂಟು ಆಗಿತ್ತು. ನಿವಾಸದ ಠೇವಣಿ ಅಷ್ಟರಲ್ಲಿ ಎಂಬತ್ತಕ್ಕೆ ಏರಿತ್ತು.

“ನೀವು ಮೊದಲ ತೋರಿಸಿದ್ದರಾಗ ಬಿಟ್ಟಿದ್ರ ಎಷ್ಟ ಆಗ್ತಿತ್ರಿ?”

“ಬ್ಯಾಡ ಬಿಡ್ರಿ ಈಗ.”

“ಹೇಳ್ರಿ ತಂಗಿ.”

ಅವಳು ಚೀಟಿಯ ಮೇಲೆ ಬರೆದು ಅವನ ಕಡೆ ತಿರುಗಿಸಿದಳು. ಒಂದು ಕೋಟಿ ಮೂವತ್ತೊಂದು ಲಕ್ಷ. ಅವನು ಓದಿದ. ಆಮೇಲೆ ಆ ಚೀಟಿಯನ್ನು ಅಂಚಿಗೆ ಅಂಚು ಕೂಡಿಸಿ ಮಡಚಿ ಜೇಬಿಗೆ ಹಾಕಿಕೊಂಡು ಎದ್ದ.

ಆ ಪಾಡ್ಯಮಿಗೆ ಮಠಕ್ಕೆ ಬರಿಗೈಲಿ ಬಂದ. “ಯಾಕ ಸಾಹುಕಾರ, ಕಾಗದ ಎಲ್ಲಿ?” ಅಂತ ಸ್ವಾಮಿ ಕೇಳಿದ.

“ತಂದಿಲ್ರಿ ಅಜ್ಜಾರ. ಹದಿಮೂರು ಸಲ ಹದಿಮೂರು ಕಾಗದ ತಂದೆ. ಒಂದೇ ಕಾಗದ ಹದಿಮೂರು ಸಲ ತರಬೇಕಾಗಿತ್ರಿ.”

ಶಿವರಾತ್ರಿಗೆ ಮುಂಚೆ ಅವನು ಹೋದ.

ಈಗ ಕೇಳಿ. ಆ ಸ್ವಾಮಿ ಯಾರು? ವರ್ಷಕ್ಕೊಂದು ಹೊಸ ಕಾಗದ ಬಂದಾಗ ಕಣ್ಣುಮುಚ್ಚಿ ವಿಭೂತಿ ಹಚ್ಚಿದವನು ಯಾರು? ನಾನೇ. ‘ಹೋದ ವರ್ಷದ್ದು ಏನಾಯ್ತಪ್ಪಾ?’ ಅಂತ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ರೊಕ್ಕದ ಮಾತು ಸ್ವಾಮಿಗಳಿಗೆ ಯಾಕೆ ಅಂದುಕೊಂಡೆ. ರೊಕ್ಕದ ಮಾತಲ್ಲ ಅದು, ದಾನಮ್ಮನ ಮಾತು. ಅವನು ಪ್ರತಿ ಸಲವೂ ಹಾಗೆಂದೇ ಹೇಳುತ್ತಿದ್ದ. ನಾನು ಕೇಳಿಸಿಕೊಳ್ಳಲಿಲ್ಲ.

ಆ ನಿವಾಸ ಅವಳನ್ನು ತೆಗೆದುಕೊಳ್ಳಲಿಲ್ಲ. ಅವರಿಗೂ ಅವರ ಕಷ್ಟ, ಬೈಯಲಾರೆ. ಮಠದಲ್ಲಿ ಹೆಣ್ಣುಮಕ್ಕಳನ್ನು ಇಟ್ಟುಕೊಳ್ಳುವ ವ್ಯವಸ್ಥೆ ಇಲ್ಲ ಅಂತ ನಾವೂ ಕೈಬಿಟ್ಟೆವು. ಅದೂ ನನ್ನ ತಪ್ಪಿನಲ್ಲೇ ಸೇರಲಿ. ಈಗ ಅವಳು ಇನ್ನೊಂದು ಕಡೆ ಇದ್ದಾಳೆ. ಒಂದೇ ಕೋಣೆ, ನಲವತ್ತು ಮಂಚ. ಎಲ್ಲರಿಗೂ ಒಂದೇ ಬಣ್ಣದ ನೈಟಿ. ಬಟ್ಟೆಯ ಕಪಾಟಿಗೆ ಬೀಗ. ಅಲ್ಲಿ ಮಡಚಲು ಏನೂ ಇಲ್ಲ.

ಹೋದ ತಿಂಗಳು ನೋಡಲು ಹೋಗಿದ್ದೆ. ಮಂಚದ ಮೇಲೆ ಕೂತು ತನ್ನ ಹೊದಿಕೆಯನ್ನೇ ಮಡಚುತ್ತಿದ್ದಳು. ಮಡಚಿ, ಬಿಚ್ಚಿ, ಮತ್ತೆ ಮಡಚುತ್ತಿದ್ದಳು. ನನ್ನನ್ನು ಗುರುತಿಸಿದಳು. ನನ್ನ ಹೆಗಲಿನ ಶಾಲು ತೆಗೆದುಕೊಂಡು ಅಂಚಿಗೆ ಅಂಚು ಕೂಡಿಸಿ ನನ್ನ ಕೈಗೆ ಕೊಟ್ಟಳು. ಆಮೇಲೆ ಕೇಳಿದಳು: “ಅಜ್ಜಾರ, ಅಪ್ಪ ಅಂಗಡಿ ತಗದಾನೇನ್ರಿ?”

ಮೂವತ್ತು ವರ್ಷದಿಂದ ಪ್ರವಚನ ಮಾಡುತ್ತಿದ್ದೇನೆ. “ಹೂಂ ಅವ್ವಾ, ತಗದಾನ” ಅಂದೆ. ಸುಳ್ಳು ಹೇಳಿದೆ.

ನೀವು ಕಣ್ಣೊರೆಸಿಕೊಳ್ಳಬೇಡಿ. ಕಣ್ಣೊರೆಸಿಕೊಂಡು ಪ್ರಸಾದ ಮಾಡಿ ಮನೆಗೆ ಹೋಗಿ ಮತ್ತೆ ಫೋನು ತೆಗೆಯುತ್ತೀರಿ, ನನಗೆ ಗೊತ್ತಿದೆ. ನಿಮ್ಮಲ್ಲಿ ಎಷ್ಟು ಜನ ಹೋದ ವರ್ಷ ಯಾವ ಫಂಡು ಮೊದಲು ಬಂತು ಅಂತ ನೋಡಿ ಈ ವರ್ಷ ಅದಕ್ಕೆ ಹಾಕಿದ್ದೀರಿ? ಅವೇ ಐವತ್ತು ಕಂಪನಿಗಳಿರುವ ಐದು ಫಂಡು ಇಟ್ಟುಕೊಂಡು ಐದು ಕಡೆ ಹಂಚಿದ್ದೇನೆ ಅಂತ ಯಾರ್ಯಾರು ನೆಮ್ಮದಿಯಾಗಿದ್ದೀರಿ? ಬರುವ ವರ್ಷ ಮಗಳ ಮದುವೆ ಇಟ್ಟುಕೊಂಡು ಆ ಹಣವನ್ನು ಷೇರಿಗೆ ಹಾಕಿದವರು ಎಷ್ಟು ಜನ? ಕೈ ಎತ್ತಬೇಡಿ. ಒಳಗೇ ಉತ್ತರ ಕೊಟ್ಟುಕೊಳ್ಳಿ.

ಮಾಡಬೇಕಾದದ್ದು ದೊಡ್ಡದಲ್ಲ. ಬೇಗ ಬೇಕಾಗುವ ಹಣ ಬ್ಯಾಂಕಿನಲ್ಲಿರಲಿ. ಬಹಳ ವರ್ಷ ಬೇಡದ ಹಣವಿದ್ದರೆ, ಇಡೀ ಪೇಟೆಯನ್ನು ಹಿಡಿಯುವ, ಖರ್ಚು ಕಡಿಮೆ ಇರುವ ಒಂದನ್ನು ಆರಿಸಿ. ಆರಿಸುವ ಮುಂಚೆ ತಿಂಗಳುಗಟ್ಟಲೆ ಯೋಚಿಸಿ, ತಿಳಿದವರನ್ನು ಕೇಳಿ, ನನ್ನ ಮಾತನ್ನೂ ಕುರುಡಾಗಿ ನಂಬಬೇಡಿ. ಪೇಟೆ ಯಾರ ಮನೆಯ ಆಳೂ ಅಲ್ಲ, ಬೀಳುವ ದಿನ ಬಿದ್ದೇ ಬೀಳುತ್ತದೆ. ಅದಕ್ಕೇ ಆ ಕಾಗದದ ಮೇಲೆ ನಿಮ್ಮ ಕೈಯಾರೆ ಬರೆಯಿರಿ, ಇದು ಯಾರಿಗಾಗಿ, ಯಾವ ವರ್ಷಕ್ಕಾಗಿ ಅಂತ. ಬಿದ್ದ ದಿನ ಆ ಹೆಸರು ಓದಿಕೊಳ್ಳಿ. ಓದಿ, ಮಡಚಿ, ಕಪಾಟಿನಲ್ಲಿಡಿ. ತಾಳಿದವನು ಬಾಳಿಯಾನು ಅನ್ನುವುದು ಗೋಡೆಯ ಮೇಲೆ ಬರೆಸಲಿಕ್ಕಲ್ಲ.

ಬರುವ ಪಾಡ್ಯಮಿಗೆ ಈ ಮಠದಲ್ಲಿ ಒಂದು ಬದಲಾವಣೆ. ಖಾತೆ ಪುಸ್ತಕ ಹೊಸದು ತನ್ನಿ, ಬೇಡ ಅನ್ನುವುದಿಲ್ಲ. ಆದರೆ ಮಕ್ಕಳಿಗಾಗಿ, ಮುಪ್ಪಿಗಾಗಿ ಇಟ್ಟ ಹಣದ ಕಾಗದವನ್ನು ಹೋದ ವರ್ಷದ್ದೇ ತನ್ನಿ. ವಿಭೂತಿಯ ಮೇಲೆ ವಿಭೂತಿ ಬೀಳಲಿ, ಕಾಗದ ಹಳದಿಯಾಗಲಿ, ಅಂಚು ಹರಿಯಲಿ. ಹೊಸ ಕಾಗದ ತಂದವರನ್ನು ಎಲ್ಲರ ಎದುರಿಗೆ ನಿಲ್ಲಿಸಿ ಕೇಳುತ್ತೇನೆ, ಹಳೆಯದು ಏನಾಯಿತು ಅಂತ. ನಿಮಗೆ ಸಿಟ್ಟು ಬರುತ್ತದೆ, ಬರಲಿ. ಮಠಕ್ಕೆ ಬರುವುದನ್ನೇ ಬಿಟ್ಟರೂ ಬಿಡಿ. ಆ ಒಂದು ಪ್ರಶ್ನೆಯನ್ನು ಹದಿಮೂರು ವರ್ಷದಲ್ಲಿ ಒಂದು ಸಲ ನಾನು ಕೇಳಿದ್ದರೆ, ಈ ಹೊತ್ತಿಗೆ ದಾನಮ್ಮನ ಮುಂದೆ ಅಂಗಿಗಳ ರಾಶಿ ಇರುತ್ತಿತ್ತು.