ಕಿಡಿ ಹಾಯಿಸಿದ ನೀರು

ನಗಬೇಡಿ... ಇದು ಕಟ್ಟುಕತೆ ಅಲ್ಲ. ನಮ್ಮ ಚಿಕ್ಕಮ್ಮನ ಮಗಳಿಗೇ ಆದದ್ದು.

ಅವಳು ಆಸ್ಪತ್ರೆಯ ಲ್ಯಾಬಿನಲ್ಲಿದ್ದಾಳೆ. ಅಲ್ಲಿ ನೀರಿನ ಮೇಲೆ ನೀಲಿ ಕಿಡಿ ಹಾಯಿಸ್ತಾರೆ, ಚರ್ರ್ ಅಂತ. ಪ್ಲಾಸ್ಮಾ ನೀರು ಅಂತ ಹೆಸರು. ಯಾವ ಔಷಧಿಗೂ ಬಗ್ಗದ ರೋಗಾಣು ಅದಕ್ಕೆ ಸಾಯುತ್ತಾ ಅಂತ ಗಾಜಿನ ತಟ್ಟೆಯಲ್ಲಿ ಪರೀಕ್ಷೆ. ಆ ರೋಗಾಣು ಒಬ್ಬ ವೆಲ್ಡರನ ಕೊಳೆತ ಕಾಲಿನಿಂದ ತೆಗೆದದ್ದು. ತಟ್ಟೆಯಲ್ಲಿ ಸತ್ತೇಹೋಯ್ತು.

ಸುದ್ದಿ ಕೇಳಿ ವೆಲ್ಡರ್ ಕೈಮುಗಿದ. "ತಾಯಿ, ಅದನ್ನೇ ನನ್ನ ಕಾಲಿಗೆ ಹುಯ್ಯಮ್ಮ."

"ಪರೀಕ್ಷೆ ಮುಗಿಯದೆ ಮನುಷ್ಯರಿಗೆ ಹಾಕೋ ಹಾಗಿಲ್ಲಣ್ಣ."

ಅವನು ಸತ್ತ.

ಆಮೇಲೆ ಅವಳ ಗಂಡನಿಗೆ, ಅಂದ್ರೆ ನಮ್ಮ ಭಾವನಿಗೆ, ಕಾಲಲ್ಲಿ ಅದೇ ರೋಗಾಣುವಿನ ಕೀವು. ಬೆಳಗಾದ್ರೆ ಕಾಲು ಕತ್ತರಿಸೋದು. ತನ್ನ ಬುಡಕ್ಕೇ ಬಂದಾಗ ನಿಯಮ ಯಾರಿಗೆ ನೆನಪಿರುತ್ತೆ? ಆ ನೀರಿನ ಕಸುವು ಬೇಗ ಇಳಿಯುತ್ತೆ. ರಾತ್ರಿಯೇ ಒಂದು ಬಾಟಲಿ ಕದ್ದು ವಾರ್ಡಿಗೆ ಹೊರಟಳು. ದಾರಿಯಲ್ಲಿ ಹಾಳುಬಾವಿ...

ಸರ್ರ್... ಧಪ್. ಸರ್ರ್... ಧಪ್. ಕಾಲು ಎಳೆಯೋ ಸದ್ದು.

"ಯಾರು?"

"ಪರೀಕ್ಷೆ ಮುಗೀತಾ, ತಾಯಿ?" ಕಿವಿಯ ಹತ್ತಿರವೇ ಪಿಸುದನಿ.

ಓಡಿದಳು. ಅವನು ಜಡೆ ಹಿಡಿದು ಎಳೆದ. ಬಾವಿಕಟ್ಟೆಗೆ ಮುಖ ಬಡಿದ. ಕಟ್... ಮುಂದಿನ ಹಲ್ಲು ಹೋಯ್ತು. ಅವಳೂ ಜಗಮೊಂಡಿ, ಬಾಟಲಿ ಬಿಡಲಿಲ್ಲ. ಅವನ ಕೊಳೆತ ಕಾಲಿಗೇ ಒದ್ದಳು. ಪಚಕ್ ಅಂತ ಪಾದ ಒಳಗೇ ಹೋಯ್ತು. ಅವನು ಮಣಿಕಟ್ಟು ಹಿಡಿದು ತಿರುಚಿದ. ಮೂಳೆ ಲಟಕ್ ಅಂತು.

"ಬಿಡಣ್ಣ... ನನ್ನ ಗಂಡನ ಕಾಲು..."

"ನಂದು ಕಾಲಲ್ವಾ?"

ಬಾಟಲಿ ಕಲ್ಲಿಗೆ ಬಿದ್ದು ಫಳ್. ನೀರೆಲ್ಲ ಅವನ ಬೆರಳುಗಳ ಮೇಲೆ, ಇವಳ ಮಣಿಕಟ್ಟಿನ ಮೇಲೆ. ಚರ್ರ್... ಆಮೇಲೆ ಅಲ್ಲಿ ಯಾರೂ ಇಲ್ಲ. ಸುಟ್ಟ ಕಬ್ಬಿಣದ ವಾಸನೆ ಮಾತ್ರ.

ಬೆಳಿಗ್ಗೆ ಭಾವನ ಕಾಲು ತೆಗೆದರು. ಅವಳು ಜಾರಿಬಿದ್ದೆ ಅಂತ ಹೇಳಿ ಕೈಗೆ ಪಟ್ಟಿ ಹಾಕಿಸಿಕೊಂಡಳು. ನಿಜ ಹೇಳಿದ್ದು ನನಗೊಬ್ಬಳಿಗೇ. ಅವಳನ್ನ ಕಂಡರೆ ನನಗೆ ಸಿಟ್ಟೂ ಬರುತ್ತೆ, ಕರುಳೂ ಚುರ್ ಅನ್ನುತ್ತೆ.

ನಂಬದಿದ್ರೆ ಬಿಡಿ, ನನಗೇನು ನಷ್ಟ? ಯಾರ ಚರ್ಮ ಒರೆಸಿ ತಟ್ಟೆಗೆ ಹಚ್ಚಿದ್ರೂ ಬೆಳಗಾಗೋದ್ರೊಳಗೆ ಏನಾದ್ರೊಂದು ರೋಗಾಣು ಬೆಳೆಯುತ್ತೆ, ಎಷ್ಟೇ ತೊಳೆದುಕೊಂಡಿರಿ. ಅವಳ ಮಣಿಕಟ್ಟಿನಲ್ಲಿ, ಅವನು ಹಿಡಿದಿದ್ದ ಕಡೆ, ಒಂದು ಹಿಡಿಯಗಲದ ಜಾಗ ಇದೆ. ಅಲ್ಲಿಂದ ಎಷ್ಟು ಸಲ ಹಚ್ಚಿದ್ರೂ ಏನೂ ಬೆಳೆಯಲ್ಲ. ತಟ್ಟೆ ನಾನೇ ಕಣ್ಣಾರೆ ನೋಡಿದ್ದೀನಿ... ಖಾಲಿ.